ಬೋರ್ಡೋ ಪ್ರಾಂತದ ದ್ರಾಕ್ಷಾಮದ್ಯವೂ ತಾಮ್ರದ ಸಮಸ್ಯೆಯೂ

ಫ್ರಾನ್ಸು ದೇಶದ ನೈಋತ್ಯ ಭಾಗದಲ್ಲಿ ಗರೋನ್, ದೋರ್ದೋನ್ಯ ಎಂಬೆರಡು ನದಿಗಳು ಸಂಗಮಿಸಿ, ಜಿರೋಂದ್ ಎಂಬ ಅಳಿವೆಯ ಮೂಲಕ ಅಟ್ಲಾಂಟಿಕ್ ಸಾಗರವನ್ನು ಸೇರುತ್ತವೆ. ಇವುಗಳ ಇಕ್ಕೆಲದ ಭೂಮಿಯೇ ದ್ರಾಕ್ಷಾಮದ್ಯಕ್ಕೆ ಲೋಕಪ್ರಸಿದ್ಧವಾದ ಬೋರ್ಡೋ ಪ್ರಾಂತವು. ಸಮುದ್ರದ ಸಾಮೀಪ್ಯದಿಂದ ಇಲ್ಲಿಯ ಹವೆಯು ಸೌಮ್ಯವಾದುದು, ಆದರೆ ತೇವವುಳ್ಳದ್ದು. ಬಳ್ಳಿಗೆ ಹಿತವಾದ ಈ ಹವೆಯು ಅದರ ರೋಗಕ್ಕೂ ಹಿತವಾಗಿದೆ. ಭೂಮಿಯ ಸತ್ತ್ವವನ್ನು ಕೆಡಿಸದೆ ದ್ರಾಕ್ಷಿಯನ್ನು ಬೆಳೆಯಬೇಕೆಂಬ ಪ್ರಯತ್ನವು ಅಲ್ಲಿ ಬಲಗೊಂಡಿರುವುದಷ್ಟೆ. ಅದಕ್ಕೊದಗಿರುವ ದೊಡ್ಡ ತೊಡಕು ಆ ಊರಿನ ಹೆಸರನ್ನೇ ಹೊತ್ತ ಔಷಧದಲ್ಲಿರುವುದು ವಿಚಿತ್ರವಾದ ಸಂಗತಿ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲೋಕ್ಸೆರ ಎಂಬ ಬೇರುಹೇನು ಅಮೆರಿಕದಿಂದ ಬಂದು ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿತು. ಆ ಹೇನನ್ನು ತಾಳಿಕೊಳ್ಳಬಲ್ಲ ಅಮೆರಿಕದ ಬಳ್ಳಿಗಳನ್ನು ತರಿಸಿ, ಅವುಗಳ ಬುಡಕ್ಕೆ ದೇಶೀಯ ತಳಿಗಳನ್ನು ಕಸಿಮಾಡಿದರು. ಹೀಗೆ ಬಂದ ಬಳ್ಳಿಗಳೊಡನೆಯೇ ಬೂಜು ತುಪ್ಪಟ ರೋಗವೂ ಬಂದಿತೆಂದು ಎಣಿಸುತ್ತಾರೆ. 1878ರಲ್ಲಿ ಅದು ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. ಎಲೆಯಡಿಯಲ್ಲಿ ಬಿಳಿಯ ಬೂಜು ಕಟ್ಟಿ, ಎಲೆಯುದುರಿ, ಗೊಂಚಲು ಬಾಡುತ್ತಿದ್ದಿತು. ಬೋರ್ಡೋವಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಮಿಲ್ಲಾರ್ದೆಯವರು 1882ರಲ್ಲಿ ಮೆದೋಕ್ ಸೀಮೆಯ ಸೇಂ ಜೂಲಿಯೆನ್ ಎಂಬಲ್ಲಿ, ದಾರಿಯ ಮಗ್ಗುಲ ಬಳ್ಳಿಗಳು ಮಾತ್ರ ಎಲೆಗಳನ್ನುಳಿಸಿಕೊಂಡಿರುವುದನ್ನು ಕಂಡರು. ದಾರಿಹೋಕರು ಹಣ್ಣನ್ನು ಕದಿಯದಿರಲೆಂದು ತೋಟದವರು ಅವಕ್ಕೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚಿದ್ದರು. ಕಳ್ಳರನ್ನು ಹೆದರಿಸುವ ಉಪಾಯದಿಂದ ಒಂದು ಶಾಸ್ತ್ರವೇ ಹುಟ್ಟಿತು. 1885ರಲ್ಲಿ ಮಿಲ್ಲಾರ್ದೆಯವರು ಪ್ರಕಟಿಸಿದ ಕ್ರಮದಲ್ಲಿ 130 ಲೀಟರು ನೀರಿಗೆ 8 ಕಿಲೋಗ್ರಾಂ ಮೈಲುತುತ್ತ, 15 ಕಿಲೋಗ್ರಾಂ ಸುಣ್ಣ.

ಈ ಬೋರ್ಡೋ ದ್ರಾವಣವು ಕನ್ನಡಿಗರಿಗೆ ಅಪರಿಚಿತವಲ್ಲ. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗವನ್ನು ಕುರಿತ ತಮ್ಮ ಪರಿಶೋಧನೆಯನ್ನು 1910ರಲ್ಲಿ ಪ್ರಕಟಿಸಿದರು. ಮಲೆನಾಡಿನ ತೋಟಿಗರು ಮಳೆಗಾಲದಲ್ಲಿ ಗೊನೆಗಳಿಗೆ ಸಿಂಪಡಿಸುವುದು ಇದನ್ನೇ. ಎರಡು ರೋಗಗಳಿಗೂ ಕಾರಣವಾದವು ಶಿಲೀಂಧ್ರವನ್ನು ಹೋಲುವ ಒಂದೇ ವರ್ಗದ ಸೂಕ್ಷ್ಮಜೀವಿಗಳು.

ತಾಮ್ರವು ಎಲೆಯೊಳಕ್ಕೆ ಇಳಿಯುವುದಿಲ್ಲ. ಮೇಲೆ ಲೇಪವಾಗಿ ನಿಂತು, ಎಲೆಯ ಮೇಲೆ ಬಿದ್ದ ರೋಗಾಣುಗಳನ್ನು ಮೊಳೆಯಗೊಡದೆ ಕೊಲ್ಲುತ್ತದೆ. ರೋಗವು ಒಳಹೊಕ್ಕ ಮೇಲೆ ಅದರಿಂದ ಪ್ರಯೋಜನವಿಲ್ಲ. ಹೊಸ ಚಿಗುರಿಗೆ ಲೇಪವಿರದು. ಬಿರುಮಳೆಯಾದರೆ ಹಳೆಯ ಲೇಪವೂ ತೊಳೆದುಹೋಗುವುದು. ಆದುದರಿಂದ ಮತ್ತೆ ಮತ್ತೆ ಸಿಂಪಡಿಸಬೇಕು. ತೊಳೆದುಹೋದ ತಾಮ್ರವಾದರೋ ಮೂಲಧಾತುವಾದುದರಿಂದ ಕೊಳೆತು ನಾಶವಾಗುವ ವಸ್ತುವಲ್ಲ. ಜೇಡಿಯನ್ನೂ ಸಾವಯವಾಂಶವನ್ನೂ ಹಿಡಿದುಕೊಂಡು ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ. ಅಜ್ಜನು ಎರಚಿದ್ದು ಮೊಮ್ಮಗನ ಹೊಲದಲ್ಲಿ ಹಾಗೆಯೇ ಇದೆ. ಅದು ಹೆಚ್ಚಿದಲ್ಲಿ ಎರೆಹುಳುಗಳಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಹಾನಿ. ಮಣ್ಣು ಹುಳಿಯಾಗಿದ್ದರೆ ಹಳೆಯ ಬಳ್ಳಿಗಳನ್ನು ಕಿತ್ತು ನೆಟ್ಟ ಎಳೆಯ ಸಸಿಗಳಿಗೂ ಬಾಧೆ.

ರಾಸಾಯನಿಕಗಳನ್ನು ಬಿಟ್ಟು ಸಾವಯವ ಕ್ರಮವನ್ನು ಹಿಡಿದವರಿಗೇ ಈ ಸಂಕಟ ಹೆಚ್ಚು. ಕೃತಕವಾಗಿ ತಯಾರಿಸಿದ ಔಷಧಗಳು ಅವರಿಗೆ ನಿಷಿದ್ಧ; ಈ ರೋಗಕ್ಕೆ ಅವರ ಮುಖ್ಯ ಆಸರೆ ತಾಮ್ರವೊಂದೇ. ಯೂರೋಪಿನ ಒಕ್ಕೂಟವು 2019ರಿಂದ ಜಾರಿಗೆ ತಂದ ನಿಯಮದಂತೆ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋಗ್ರಾಂ, ಎಂದರೆ ವರ್ಷಕ್ಕೆ ಸರಾಸರಿ 4 ಕಿಲೋಗ್ರಾಂ, ತಾಮ್ರವೇ ಮಿತಿ. ಮೈಲುತುತ್ತದಲ್ಲಿ ತಾಮ್ರವು ಸುಮಾರು ಕಾಲು ಭಾಗವಾದುದರಿಂದ ಇದು 16 ಕಿಲೋಗ್ರಾಂ ಮೈಲುತುತ್ತಕ್ಕೆ ಸಮ. ಒಣ ವರ್ಷದಲ್ಲಿ ಇಷ್ಟು ಸಾಕು. 2018, 2023ರಂತೆ ರೋಗವು ಉಲ್ಬಣಿಸಿದ ವರ್ಷಗಳಲ್ಲಿ ಸಾಲದು. ಇನ್ನು ಪ್ರತಿ ಮಳೆಯ ಹಿಂದೆಯೂ ಟ್ರ್ಯಾಕ್ಟರನ್ನು ಹೊಡೆದರೆ ಎಣ್ಣೆಯ ವ್ಯಯ, ಒದ್ದೆ ಮಣ್ಣು ಗಟ್ಟಿಯಾಗುವ ಹಾನಿ. ಸಾವಯವವೆಂಬ ಹೆಸರಿನಿಂದಲೇ ಭೂಮಿಗೆ ಕ್ಷೇಮವೆಂದು ತಿಳಿಯುವುದು ಆತುರದ ಮಾತು. ಹಾಗೆಂದು ಕೃತಕ ವಿಷಗಳೇ ಲೇಸೆಂದೂ ಇದರಿಂದ ಸಿದ್ಧವಾಗುವುದಿಲ್ಲ.

ಔಷಧಕ್ಕಿಂತ ಬಳ್ಳಿಯನ್ನೇ ಬದಲಿಸುವುದು ಮತ್ತೊಂದು ಮಾರ್ಗ. ಅಮೆರಿಕದ ಕಾಡುದ್ರಾಕ್ಷಿಗಳ ನಿರೋಧಗುಣವನ್ನು ಸಂಕರದಿಂದ ಕೂಡಿಸಿದ ಅರ್ತಬಾನ್, ವಿದೋಕ್, ಫ್ಲೋರೆಯಾಲ್, ವೋಲ್ತಿಸ್ ಎಂಬ ನಾಲ್ಕು ತಳಿಗಳು 2018ರಲ್ಲಿ ಫ್ರಾನ್ಸಿನ ಅಧಿಕೃತ ಪಟ್ಟಿಗೆ ಸೇರಿದವು. ಇವಕ್ಕೆ ಸಿಂಪಡಣೆ ಬಹು ಕಡಮೆ. ರೋಗಾಣುವು ಕ್ರಮೇಣ ಹೊಂದಿಕೊಳ್ಳದಿರಲೆಂದು ಒಂದೆರಡು ಸಲ ಮಾತ್ರ ಸಿಂಪಡಿಸುವಂತೆ ಹೇಳುತ್ತಾರೆ. ಆದರೆ ಸ್ಥಳನಾಮದ ಮದ್ಯಕ್ಕೆ ಯಾವ ತಳಿಗಳು ಸಲ್ಲುವುವೆಂಬುದು ಶಾಸನದಿಂದ ಬದ್ಧವಾಗಿದೆ. 2021ರಲ್ಲಿ ಬೋರ್ಡೋವಿನಲ್ಲಿ ಆರು ಹೊಸ ತಳಿಗಳಿಗೆ ಅನುಮತಿ ದೊರೆಯಿತು. ಅದೂ ತೋಟದ ನೂರಕ್ಕೆ 5 ಭಾಗದಲ್ಲಿ, ಮದ್ಯದ ಮಿಶ್ರಣದಲ್ಲಿ ನೂರಕ್ಕೆ 10ನ್ನು ಮೀರದಂತೆ. ಅವನ್ನು ಆರಿಸಿದ್ದು ಮುಖ್ಯವಾಗಿ ಏರುತ್ತಿರುವ ತಾಪವನ್ನು ಲಕ್ಷಿಸಿ. ಅಲ್ಲಿಯ ಕೆಂಪು ತಳಿಗಳಲ್ಲಿ ಅತಿ ಹೆಚ್ಚು ನೆಲವನ್ನಾಕ್ರಮಿಸಿರುವುದು ಬೂಜು ತುಪ್ಪಟ ರೋಗಕ್ಕೆ ಬೇಗ ಈಡಾಗುವ ಮೆರ್ಲೋವೇ.