ಒಂದು ಡೊಳ್ಳು, 256 ಮಂದಿಯ ಏಟು

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಜಾತ್ರೆ ಎಂದರೆ ಚರ್ಮವಾದ್ಯ ಇರಲೇಬೇಕು. ಬೀರೇಶ್ವರನ ಮುಂದೆ ಡೊಳ್ಳು, ವೀರಭದ್ರನ ಮುಂದೆ ವೀರಗಾಸೆಯ ಜತೆಗೆ ಸಂಬಾಳ, ಕರಡೆ. ಈಗ ಹುಡುಗರು ಇದನ್ನೆಲ್ಲ ಮನೆಯಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಆಮೇಲೆ ಬರುವ ದೂರು ಒಂದೇ: "ಸೌಂಡ್ ಒಡೀತಿದೆ ಕಣಣ್ಣ." ಕೇಬಲ್ ಹೋಯ್ತು, ಮೈಕ್ ಡೂಪ್ಲಿಕೇಟ್ ಎಂದು ಬೈದುಕೊಳ್ಳುವ ಮೊದಲು ಲೆಕ್ಕ ಹಾಕಿ ನೋಡಬೇಕು. ತಲೆ ಗಿರ್ರೆನ್ನಿಸುವ ಲೆಕ್ಕ ಅದು.

ಡೊಳ್ಳಿನ ಏಟು ಎದೆಗೇ ಬಡಿದ ಹಾಗಿರುತ್ತದಲ್ಲ, ಆ ಹೊತ್ತಿಗೆ ಗಾಳಿ ಎಷ್ಟು ಅಲುಗಿರುತ್ತದೆ? ಕಡೂರಿನ ಎತ್ತರದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 92,000 ಪ್ಯಾಸ್ಕಲ್. ಕಿವಿ ಮುಚ್ಚಿಕೊಳ್ಳಬೇಕೆನಿಸುವ 120 ಡೆಸಿಬೆಲ್ ಸದ್ದು ಅದನ್ನು ಏರಿಳಿಸುವುದು 20 ಪ್ಯಾಸ್ಕಲ್ಲಿನಷ್ಟು ಮಾತ್ರ, ನಾಲ್ಕೂವರೆ ಸಾವಿರದಲ್ಲಿ ಒಂದು ಪಾಲು. ಕೊಬ್ಬರಿ ಅಟ್ಟಕ್ಕೆ ಏಣಿ ಹಾಕಿ ಎರಡು ಮೀಟರ್ ಹತ್ತಿದರೂ ಒತ್ತಡ ಅಷ್ಟೇ ಕಡಿಮೆಯಾಗುತ್ತದೆ. ಅಟ್ಟ ಹತ್ತಿದವನಿಗೆ ಏನೂ ಗೊತ್ತಾಗುವುದಿಲ್ಲ. ಅದೇ ವ್ಯತ್ಯಾಸ ಸೆಕೆಂಡಿಗೆ ಹತ್ತಾರು, ನೂರಾರು ಸಲ ಆದಾಗ ಮಾತ್ರ ಮನೆಯ ಹೆಂಚು ನಡುಗುತ್ತದೆ.

ಮೈಕಿನ ಕಷ್ಟ ಶುರುವಾಗುವುದು ಇನ್ನೊಂದು ತುದಿಯಿಂದ. ನಮ್ಮ ಕಿವಿಗೆ ಕೇಳುವ ಅತಿ ಸಣ್ಣ ಸದ್ದಿಗೂ ಈ 120 ಡೆಸಿಬೆಲ್ಲಿಗೂ ನಡುವಿನ ಶಕ್ತಿಯ ಅಂತರ ಒಂದಕ್ಕೆ ಒಂದು ಲಕ್ಷ ಕೋಟಿ. ಕಿವಿ ಇದನ್ನು ಹೇಗೋ ಸಂಭಾಳಿಸುತ್ತದೆ. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ.

ಎಲ್ಲರೂ ಮಾಡುವ ಎಡವಟ್ಟು ಒಂದಿದೆ. ಮೈಕ್ ಟೆಸ್ಟ್ ಮಾಡುವುದು ಬಾಯಿಂದ. ತರೀಕೆರೆ ಏರಿಯ ಮೇಲಿನ ಕುರಿಮರಿಗಳ ನಾಲಿಗೆ ತೊಡರುವ ಸಾಲನ್ನೇ ಹೇಳಿ, ಮೀಟರಿನ ಮುಳ್ಳು ಚೆನ್ನಾಗಿ ಕುಣಿಯುವಷ್ಟು ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಗುಂಡಿ, ತಿರುಗಿಸಿ, ಆಮೇಲೆ ಡೊಳ್ಳು ಕಟ್ಟಿಕೊಂಡು ನಿಲ್ಲುತ್ತಾರೆ. ಒಂದು ಮೀಟರ್ ದೂರದ ಮಾತು 60 ಡೆಸಿಬೆಲ್ ಆಸುಪಾಸು. ಅಷ್ಟೇ ದೂರದ ಡೊಳ್ಳಿಗೆ 110 ಮುಟ್ಟುವುದು ಕಷ್ಟವಲ್ಲ. 50 ಡೆಸಿಬೆಲ್ಲಿನ ವ್ಯತ್ಯಾಸವೆಂದರೆ ಒಂದು ಲಕ್ಷ ಪಟ್ಟು ಶಕ್ತಿ. ಬಾಯಲ್ಲಿ ಮೇಯುವ ಕುರಿಗೂ ವಾದ್ಯಕ್ಕೆ ಬಿಗಿದ ಚರ್ಮಕ್ಕೂ ಅಷ್ಟು ಅಂತರ!

ಇನ್ನು ದೂರದ ಮಾತು. ಬಯಲಲ್ಲಿ ದೂರ ಅರ್ಧವಾದರೆ ಸದ್ದಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಾಲ್ಕು ಮೀಟರ್ ಆಚೆ ಇದ್ದ ಮೈಕನ್ನು ಒಂದು ಮೀಟರಿಗೆ ತಂದರೆ 16 ಪಟ್ಟು. "ಕ್ಲಿಯರ್ ಬರಲಿ" ಎಂದು ಒಂದು ಗೇಣಿನ ಹತ್ತಿರಕ್ಕೆ, ಅಂದರೆ 25 ಸೆಂಟಿಮೀಟರಿಗೆ ತಳ್ಳಿದರೆ 256 ಪಟ್ಟು. ಬಾರಿಸುವವನು ಒಬ್ಬನೇ, ಮೈಕಿನ ಪಾಲಿಗೆ ನಾಲ್ಕು ಮೀಟರ್ ದೂರದಲ್ಲಿ 256 ಮಂದಿ ಸಾಲಾಗಿ ನಿಂತು ಬಾರಿಸಿದ ಹಾಗೆ. ಅಷ್ಟು ದೊಡ್ಡ ಮೇಳವನ್ನು ಯಾವ ಜಾತ್ರೆಯಲ್ಲೂ ನಾನು ಕಂಡಿಲ್ಲ. ವಾದ್ಯದ ತೀರಾ ಹತ್ತಿರ ಮತ್ತು ಕೋಣೆಯೊಳಗೆ ಈ ಲೆಕ್ಕ ಕರಾರುವಾಕ್ಕಾಗಿ ನಡೆಯುವುದಿಲ್ಲ, ಆದರೆ ದಿಕ್ಕು ಅದೇ.

ಮೈಕಿನಿಂದ ಹೊರಟ ಕರೆಂಟನ್ನೂ ಸ್ವಲ್ಪ ನೋಡೋಣ. ಸ್ಟುಡಿಯೊಗಳಲ್ಲಿ ಚರ್ಮವಾದ್ಯಕ್ಕೆ ಬಳಸಿ ಹಳಸಿದ ಶೂರ್ ಎಸ್‌ಎಂ57 ಮೈಕ್ 1965ರಿಂದ ಇದೆ. ಒಂದು ಪ್ಯಾಸ್ಕಲ್ ಒತ್ತಡಕ್ಕೆ, ಅಂದರೆ ಮೈಕಿಗೆ ಬಾಯಿ ಹಚ್ಚಿ ಮಾತಾಡಿದಷ್ಟಕ್ಕೆ, ಅದು ಕೊಡುವುದು 1.6 ಮಿಲಿವೋಲ್ಟ್. ಗೇನನ್ನು 50 ಡೆಸಿಬೆಲ್ ಏರಿಸಿದರೆ ಅದು ಅರ್ಧ ವೋಲ್ಟ್ ಆಗುತ್ತದೆ, ಒಳ್ಳೆಯದೇ. ಗುಂಡಿ ಮುಟ್ಟದೆ ಅದೇ ಮೈಕನ್ನು ಡೊಳ್ಳಿಗೆ ಒಡ್ಡಿ, ಏಟು 130 ಡೆಸಿಬೆಲ್ ಮುಟ್ಟಿತೆನ್ನಿ. ಈಗ ಮೈಕಿನಿಂದಲೇ 100 ಮಿಲಿವೋಲ್ಟ್ ಬರುತ್ತದೆ. ಗೇನ್ ದಾಟಿದ ಮೇಲೆ ಸುಮಾರು 32 ವೋಲ್ಟ್ ಆಗಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ, ಯುಎಸ್‌ಬಿಯ 5 ವೋಲ್ಟಿನಲ್ಲಿ ಬದುಕುವ ಪುಟ್ಟ ಇಂಟರ್‌ಫೇಸ್ ಅದನ್ನು ಎಲ್ಲಿಂದ ತಂದೀತು? ಕೈಲಾದಷ್ಟು ಕೊಟ್ಟು ಉಳಿದದ್ದನ್ನು ಕತ್ತರಿಸುತ್ತದೆ.

ಕತ್ತರಿಸಿದ್ದು ಕಣ್ಣಿಗೇ ಕಾಣುತ್ತದೆ. ಸಿಡಿ ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು ಅಂಕಿ ಬರೆಯುತ್ತಾರೆ. ಮೇಲ್ಮುಖವಾಗಿ ಬರೆಯಬಹುದಾದ ಅತಿ ದೊಡ್ಡ ಅಂಕಿ 32,767. ಕೋಲು ತಾಗಿದ ಮೊದಲ ಐದು ಮಿಲಿಸೆಕೆಂಡಿಗೆ 220 ಅಂಕಿಗಳು ಬೀಳುತ್ತವೆ. ಏಟು 50,000 ಕೇಳಿದರೂ ಯಂತ್ರ 32,767, 32,767, 32,767 ಎಂದು ಒಂದೇ ಜಪ ಮಾಡುತ್ತದೆ. ಕಂಪ್ಯೂಟರಿನಲ್ಲಿ ಅಲೆಯನ್ನು ದೊಡ್ಡದು ಮಾಡಿ ನೋಡಿ: ತಲೆ ಚಪ್ಪಟೆಯಾಗಿರುತ್ತದೆ. ಹೋದ ತಲೆ ಆಮೇಲೆ ವಾಲ್ಯೂಮ್ ಇಳಿಸಿದರೆ ಬರುವುದಿಲ್ಲ.

ರೋಗ ಎಲ್ಲಿದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ತೀರಾ ಮೇಲಿನ ಗೆರೆಗೆ ತಾಗಿ ಚಪ್ಪಟೆಯಾಗಿದ್ದರೆ ಗೇನ್ ಇಳಿಸಬೇಕು. ಮೀಟರ್ ಕೆಂಪಿಗೆ ಮುಟ್ಟದಿದ್ದರೂ ನಡುವೆಯೇ ಚಪ್ಪಟೆಯಾಗಿದ್ದರೆ ಕಂಪ್ಯೂಟರಿಗೆ ಬರುವ ಮೊದಲೇ ಕತ್ತರಿ ಬಿದ್ದಿದೆ. ಗೇನ್ ಇಳಿಸಿ ಮತ್ತೆ ಬಾರಿಸಿ; ಸದ್ದು ಸಣ್ಣದಾಗಿಯೂ ಒಡಕು ಹಾಗೇ ಇದ್ದರೆ ಸೋತಿರುವುದು ಮೈಕೇ. ಕಂಡೆನ್ಸರ್ ಮೈಕಿನಲ್ಲಿ ಸದ್ದು ತಗ್ಗಿಸುವ ಪ್ಯಾಡ್ ಸ್ವಿಚ್ ಇದ್ದರೆ ಒತ್ತಿ, ಇಲ್ಲದಿದ್ದರೆ ಹಿಂದಕ್ಕೆ ಸರಿಸಿ. ಮೊಬೈಲ್ ಮೈಕುಗಳು ಸಾಮಾನ್ಯವಾಗಿ 120–130 ಡೆಸಿಬೆಲ್ಲಿಗೇ ಕೈಚೆಲ್ಲುತ್ತವೆ. ಜತೆಗೆ ಮೊಬೈಲು ತಾನಾಗಿ ಗೇನ್ ಏರಿಸಿ ಇಳಿಸಿ ಏಟಿನ ನಡುವೆ ಉಸಿರಾಟವನ್ನೂ ದೊಡ್ಡದು ಮಾಡುತ್ತದೆ. ಹೆದರದೆ ನಾಲ್ಕು ಹೆಜ್ಜೆ ದೂರ ಇಡಿ.

ಗೇನ್ ಇಳಿಸಿದರೆ ಸದ್ದು ತೆಳ್ಳಗಾಗುತ್ತದೆ ಎಂಬ ಹೆದರಿಕೆ ಟೇಪಿನ ಕಾಲದ್ದು. ಈಗ 24 ಬಿಟ್ಟಿನಲ್ಲಿ ಅತಿ ದೊಡ್ಡ ಅಂಕಿ 83,88,607. ಜೋರಾದ ಏಟೂ ಇದರ ಹತ್ತನೇ ಒಂದು ಭಾಗ ಮುಟ್ಟಿದರೆ ಸಾಕೆಂದು ಒಂಬತ್ತು ಪಾಲು ಖಾಲಿ ಬಿಟ್ಟರೂ, ಉಳಿಯುವ ಮೆಟ್ಟಿಲುಗಳು ಸಿಡಿಯ 25 ಪಟ್ಟು. ಖಾಲಿ ಬಿಡುವುದಕ್ಕೆ ಇಷ್ಟು ಜಿಪುಣತನ ಏಕೋ! 32 ಬಿಟ್ ಫ್ಲೋಟ್ ರೆಕಾರ್ಡರುಗಳಂತೂ ಬರವಣಿಗೆಯಲ್ಲಿ 1,528 ಡೆಸಿಬೆಲ್ ವ್ಯಾಪ್ತಿ ಹಿಡಿಯುತ್ತವೆ. ನಮ್ಮ ಗಾಳಿಯೇ ಸುಮಾರು 194 ದಾಟಿದ ಅಲೆಯನ್ನು ಸರಿಯಾಗಿ ಹೊರಲಾರದು. ಅಲೆಯ ತಗ್ಗಿನಲ್ಲಿ ಗಾಳಿಯೇ ಉಳಿಯುವುದಿಲ್ಲ. ಆದರೂ ಮೈಕ್ ಸೋತಿದ್ದರೆ ಈ ಅಂಕಿಯೂ ಕೆಲಸಕ್ಕೆ ಬಾರದು.

ಕೋಣೆಯದೂ ಒಂದು ಪಾಲಿದೆ. ಡೊಳ್ಳಿನ 60 ಹರ್ಟ್ಸಿನ ಗುಡುಗಿಗೆ ಅಲೆಯ ಉದ್ದ ಸುಮಾರು 5.8 ಮೀಟರ್, 10x12 ಅಡಿಯ ಆರ್‌ಸಿಸಿ ರೂಮಿನಲ್ಲಿ ಅದು ಹಿಡಿಸುವುದಿಲ್ಲ. ಗೋಡೆಗೆ ಬಡಿದು ಒಂದು ಮೂಲೆಯಲ್ಲಿ ಉಬ್ಬಿ, ಇನ್ನೊಂದು ಕಡೆ ಸತ್ತುಹೋಗುತ್ತದೆ. ಅದಕ್ಕೇ ಅಂಗಳ ಮೇಲು. ಅಂಗಳದಲ್ಲಿ ರೈಲು ಕೇಳಿಸುತ್ತದೆ, ನಿಜ. ಕಡೂರು, ಅಜ್ಜಂಪುರ ಹುಬ್ಬಳ್ಳಿ ಮಾರ್ಗದಲ್ಲಿ, ತರೀಕೆರೆ ಬೀರೂರು-ಶಿವಮೊಗ್ಗ ಮಾರ್ಗದಲ್ಲಿ. ರೈಲಿನ ಸದ್ದಿಗೆ ಗುಂಡಿಯಿಲ್ಲ, ಗಾಡಿ ಹೋಗುವ ತನಕ ಕಾದು ಬಾರಿಸಬೇಕು.