ನೀರಿಳಿದಾಗಲೇ ದುರಸ್ತಿ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಭೋರ್ಗರೆವ ನೀರಿನಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ತಡೆ) ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ವಾರದಲ್ಲಿ ಹರಿವು ತಡೆದರು.

ಹಡಗು ದುರಸ್ತಿ ಮಾಡುವವರಿಗೆ ಹೀಗೆ ನೀರಿನೊಡನೆ ಸೆಣಸುವ ಪಾಡಿಲ್ಲ. ಕಾರವಾರದ ನೌಕಾನೆಲೆಯ ಶಿಪ್‌ಲಿಫ್ಟ್ ಹಡಗನ್ನೇ ನೀರಿನಿಂದೆತ್ತಿ ಒಣನೆಲಕ್ಕೆ ತರುತ್ತದೆ. ಅಲ್ಲಿ ನಿಜವಾದ ತೊಡಕು ಕೆಲಸಗಳ ಸರದಿಯದು: ವೆಲ್ಡಿಂಗ್ ಮುಗಿಯದೆ ಬಣ್ಣ ಬಳಿದರೆ ಬಣ್ಣ ಸುಟ್ಟೇಹೋಗುತ್ತದೆ! ನೀರಿನಡಿಯ ಭಾಗದ ಕೆಲಸ ಮೊದಲು. ಅಡುಗೆಕೋಣೆಯ ನಲ್ಲಿಯನ್ನು ಹಡಗು ತೇಲಿದ ಮೇಲೂ ಸರಿಪಡಿಸಬಹುದು. ಸಿಬ್ಬಂದಿ ಮತ್ತು ಗುತ್ತಿಗೆದಾರರಿಗೆ ಒಂದೇ ವೇಳಾಪಟ್ಟಿ ಇದ್ದರೆ ಕಾಯುವ ದಿನಗಳು ತಪ್ಪುತ್ತವೆ.

ಅಣೆಕಟ್ಟನ್ನು ಹಡಗಿನಂತೆ ಎತ್ತಲಾಗದು, ಗೇಟಿನ ದುರಸ್ತಿಗೆ ನೀರಿಳಿಯುವ ಬೇಸಿಗೆಗೇ ಕಾಯಬೇಕು. ಹಾಗಾಗಿ ಅಲ್ಲೂ ಸರದಿ ಬೇಕು: ತುಂಗಭದ್ರಾ ಅಣೆಕಟ್ಟಿಗೆ 33 ಗೇಟುಗಳು, ಬೇಸಿಗೆ ವರ್ಷಕ್ಕೊಂದೇ.