ವಿಂಡೋದ ಮೂರು ಬಟನ್‌ಗಳಿಗೆ ಯಾವ ಮೂಲೆ?

ಕಂಪ್ಯೂಟರಿನಲ್ಲಿ ತೆರೆದ ವಿಂಡೋದ ತಲೆಯ ಮೇಲಿರುವ ಪಟ್ಟಿಯೇ ಟೈಟಲ್ ಬಾರ್. ಅದರ ಒಂದು ಮೂಲೆಯಲ್ಲಿ ಸಾಮಾನ್ಯವಾಗಿ ಮೂರು ಬಟನ್‌ಗಳಿರುತ್ತವೆ: ವಿಂಡೋವನ್ನು ಕಣ್ಮರೆಗೊಳಿಸುವ ಮಿನಿಮೈಸ್, ಪರದೆ ತುಂಬ ಹಿಗ್ಗಿಸುವ ಮ್ಯಾಕ್ಸಿಮೈಸ್, ಮುಚ್ಚಿಬಿಡುವ ಕ್ಲೋಸ್. ಇವು ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವೇನಿಲ್ಲ. 1984ರ ಮ್ಯಾಕಿಂಟಾಷ್‌ನಲ್ಲಿ ಮುಚ್ಚುವ ಚೌಕ ಎಡಕ್ಕಿತ್ತು, ಮ್ಯಾಕ್‌ನಲ್ಲಿ ಇಂದಿಗೂ ಎಡಕ್ಕೇ ಇದೆ. ವಿಂಡೋಸ್‌ನಲ್ಲಿ ಬಲತುದಿಯ ಕ್ಲೋಸ್ ಬಟನ್ ರೂಢಿಗೆ ಬಂದದ್ದು 1995ರಲ್ಲಿ. ಅದಕ್ಕೆ ಮೊದಲು ಎಡಮೂಲೆಯ ಪುಟ್ಟ ಚೌಕದ ಮೇಲೆ ಡಬಲ್ ಕ್ಲಿಕ್ ಮಾಡಿ ವಿಂಡೋ ಮುಚ್ಚುತ್ತಿದ್ದರು.

ಕರ್ನಾಟಕದ ಶಾಲೆಗಳಿಗೆ ಈ ಎಡ-ಬಲದ ಮಾತು ಹೊರಗಿನದಲ್ಲ. ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ 2011ರಲ್ಲಿ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಲಿನಕ್ಸ್ ಆಧಾರಿತ ಉಬುಂಟು ಬಳಕೆಗೆ ಬಂತು. ಅದರ ಹಿಂದಿನ ವರ್ಷವಷ್ಟೇ ಉಬುಂಟು 10.04 ಆವೃತ್ತಿ ಬಟನ್‌ಗಳನ್ನು ಎಡಕ್ಕೆ ಸರಿಸಿತ್ತು. 2017ರ ಅಕ್ಟೋಬರಿನಲ್ಲಿ ಬಂದ 17.10ರಲ್ಲಿ ಅವು ಮತ್ತೆ ಬಲಕ್ಕೆ ಬಂದವು. ಕಲಬುರಗಿ ಜಿಲ್ಲೆಯ ಮಹಾಗಾಂವದಂಥ ಊರಿನಲ್ಲಿ ಶಾಲೆಯ ಲ್ಯಾಬಿನಲ್ಲಿ ಹಳೆಯ ಉಬುಂಟು, ಆನ್‌ಲೈನ್ ಅಂಗಡಿಯಲ್ಲಿ ವಿಂಡೋಸ್ ಇದ್ದರೆ, ಎರಡೂ ಕಡೆ ಕೂರುವ ವಿದ್ಯಾರ್ಥಿಯ ಕೈ ರೂಢಿಯಾದ ಮೂಲೆಗೇ ಓಡುತ್ತದೆ. ಕೈತಪ್ಪಿ ಕ್ಲೋಸ್ ಒತ್ತಿದಾಗ, ಪತ್ರ ಟೈಪ್ ಮಾಡುವ ತಂತ್ರಾಂಶವಾದರೆ ಮುಚ್ಚುವ ಮೊದಲು ‘ಉಳಿಸಲೇ?’ ಎಂದು ಕೇಳುತ್ತದೆ. ಬ್ರೌಸರಿನಲ್ಲಿ ಅರ್ಧ ತುಂಬಿದ ವಿದ್ಯಾರ್ಥಿವೇತನದ ಅರ್ಜಿಗೆ ಎಲ್ಲ ಸಲವೂ ಆ ಭಾಗ್ಯವಿಲ್ಲ, ತುಂಬಿದ್ದೆಲ್ಲ ಹೋಗಿಬಿಡಬಹುದು.

ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಬಟನ್‌ಗಳ ಜಾಗ ಬದಲಿಸುವ ಸೆಟ್ಟಿಂಗ್ ಇಲ್ಲ. ಲಿನಕ್ಸ್‌ನಲ್ಲಿ ಇದೆ. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಲ್ಲಿ ಒಂದಾದ ಗ್ನೋಮ್‌ನ 2011ರ ಆವೃತ್ತಿ, ಗ್ನೋಮ್ 3, ಮಿನಿಮೈಸ್, ಮ್ಯಾಕ್ಸಿಮೈಸ್ ಎರಡನ್ನೂ ತೆಗೆದು ಕ್ಲೋಸ್ ಒಂದನ್ನೇ ಉಳಿಸಿತು. ಬೇಕಾದವರು ‘ಟ್ವೀಕ್ಸ್’ ಎಂಬ ತಂತ್ರಾಂಶದಿಂದ ಅವನ್ನು ಮರಳಿ ತರಬಹುದು, ಎಡಕ್ಕೋ ಬಲಕ್ಕೋ ಇಡಬಹುದು. ಈ ಆಯ್ಕೆಯ ಹಿಂದಿರುವುದು ಒಂದೇ ಸಾಲು. ಬಟನ್‌ಗಳ ಹೆಸರನ್ನು ಅಲ್ಪವಿರಾಮ ಹಾಕಿ ಬರೆದು ನಡುವೆ ಒಂದು ಕೋಲನ್ ಇಟ್ಟಿರುತ್ತಾರೆ. ಕೋಲನ್ನಿನ ಎಡಕ್ಕೆ ಬರೆದವು ಟೈಟಲ್ ಬಾರಿನ ಎಡಕ್ಕೆ, ಬಲಕ್ಕೆ ಬರೆದವು ಬಲಕ್ಕೆ ಕೂರುತ್ತವೆ. ಕ್ಲೋಸ್ ಅನ್ನು ಒಂದು ಮೂಲೆಗೆ, ಉಳಿದೆರಡನ್ನು ಇನ್ನೊಂದು ಮೂಲೆಗೆ ಹಂಚುವುದೂ ಸಾಧ್ಯ. ಕೈತಪ್ಪಿ ಮುಚ್ಚುವುದನ್ನು ತಡೆಯಲು ಇದೊಂದು ಒಳ್ಳೆಯ ಏರ್ಪಾಡು.

ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದಲ್ಲಿ ಈ ಕೆಲಸ ಇನ್ನೂ ಸಲೀಸು. ‘ವಿಂಡೋ ಡೆಕೊರೇಷನ್ಸ್’ ಪುಟದಲ್ಲಿ ಒಂದು ಮಾದರಿ ಟೈಟಲ್ ಬಾರ್ ಕಾಣುತ್ತದೆ. ಬೇಕಾದ ಬಟನ್ನನ್ನು ಮೌಸ್‌ನಿಂದ ಎಳೆದು ಅದರ ಮೇಲೆ ಬಿಡಬೇಕು, ಬೇಡವಾದದ್ದನ್ನು ಹೊರಗೆಳೆಯಬೇಕು. ಅಲ್ಲಿ ಸಿಗುವ ಹೆಚ್ಚಿನ ಬಟನ್‌ಗಳಲ್ಲಿ ಬಹಳ ಉಪಯೋಗಕ್ಕೆ ಬರುವುದು ವಿಂಡೋವನ್ನು ಸದಾ ಮೇಲೆಯೇ ಇಡುವಂಥದ್ದು. ಪಹಣಿಯನ್ನು ಸಣ್ಣ ವಿಂಡೋದಲ್ಲಿ ತೆರೆದು ಈ ಬಟನ್ ಒತ್ತಿದರೆ, ಪಕ್ಕದಲ್ಲಿ ಅರ್ಜಿ ಟೈಪ್ ಮಾಡುವಾಗಲೂ ಸರ್ವೆ ನಂಬರು ಕಣ್ಣೆದುರೇ ಇರುತ್ತದೆ. ಹಳೆಯ ಕಂಪ್ಯೂಟರುಗಳಿಗೆ ಒಗ್ಗುವ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲೂ ಹೀಗೆಯೇ ಎಳೆದು ಜೋಡಿಸಬಹುದು.

ಕೆಲವು ತಂತ್ರಾಂಶಗಳು ಟೈಟಲ್ ಬಾರನ್ನು ತಾವೇ ಬರೆದುಕೊಳ್ಳುವುದರಿಂದ ಬದಲಾವಣೆ ಎಲ್ಲ ಕಡೆ ಒಂದೇ ರೀತಿ ಕಾಣದೆ ಇರಬಹುದು. ಲಿನಕ್ಸ್‌ನ ಕ್ರೋಮ್‌ನಲ್ಲಿ ಟ್ಯಾಬ್‌ಗಳ ಪಕ್ಕದ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಸಿಸ್ಟಮ್‌ನ ಟೈಟಲ್ ಬಾರ್ ಬಳಸುವಂತೆ ಹೇಳಬಹುದು.

ಈ ಸೆಟ್ಟಿಂಗ್‌ಗಳು ಬಳಕೆದಾರರ ಖಾತೆಗೆ ಅಂಟಿಕೊಂಡಿರುತ್ತವೆ, ಇಡೀ ಯಂತ್ರಕ್ಕಲ್ಲ. ಶಾಲೆಯ ಲ್ಯಾಬಿನಲ್ಲಿ ಎಲ್ಲರೂ ಒಂದೇ ಖಾತೆ ಬಳಸುತ್ತಿದ್ದರೆ, ಒಬ್ಬರು ಬದಲಿಸಿದ ಜೋಡಣೆ ಮುಂದಿನ ತರಗತಿಯವರಿಗೆ ತೊಡಕಾಗುತ್ತದೆ. ಅಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಜೋಡಣೆ ಇಡುವುದು ವಾಸಿ. ಎಡಗೈ ಬಳಸುವ ಮಗುವಿಗೋ ಕೈ ಅಲುಗುವ ಮಗುವಿಗೋ ಬೇರೆ ಜೋಡಣೆ ಬೇಕಾದರೆ ಅವರಿಗೆ ಪ್ರತ್ಯೇಕ ಖಾತೆ ತೆರೆದುಕೊಡಬೇಕು.